ಒಂದೇ ದಿನ ಇದೆ: ಹರಿಹರವೋ, ದುರ್ಗವೋ, ಬಾಗಳಿಯೋ?

ದಾವಣಗೆರೆಯಲ್ಲಿ ಮನೆ ಇರುವವರಿಗೆ ಈ ಫೋನ್ ವರ್ಷಕ್ಕೆ ಮೂರು ನಾಲ್ಕು ಸಲ ಬಂದೇ ಬರುತ್ತದೆ. "ಭಾನುವಾರ ಮದುವೆ ಮುಗಿಯುತ್ತೆ, ಸೋಮವಾರ ರಾತ್ರಿ ಟ್ರೇನು. ನಡುವೆ ಒಂದು ದಿನ ಖಾಲಿ. ಹತ್ತಿರದಲ್ಲಿ ಒಳ್ಳೆ ದೇವಸ್ಥಾನ, ಸುತ್ತಾಡೋ ಜಾಗ ಏನಿದೆ ಹೇಳು."

ಮೊದಲೆಲ್ಲ ನಾನು ಯೋಚನೆ ಮಾಡದೆ "ದುರ್ಗಕ್ಕೆ ಹೋಗಿ", ಅಂದರೆ ಚಿತ್ರದುರ್ಗದ ಕೋಟೆಗೆ, ಅಂದುಬಿಡುತ್ತಿದ್ದೆ. ಒಂದು ಏಪ್ರಿಲ್ ತಿಂಗಳಲ್ಲಿ ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹೋದ ಮೇಲೆ ಆ ಚಾಳಿ ಬಿಟ್ಟೆ. ಅತ್ತೆಗೆ ಆಗ ಅರವತ್ತೆಂಟು, ಎರಡೂ ಮಂಡಿ ನೋವು. ನಿಧಾನಕ್ಕೆ ಬೆಣ್ಣೆ ದೋಸೆ ತಿಂದು, ಕಾಫಿ ಕುಡಿದು, ಕೋಟೆ ಬಾಗಿಲಿಗೆ ಮುಟ್ಟುವ ಹೊತ್ತಿಗೆ ಗಂಟೆ ಹನ್ನೆರಡು. ಕಲ್ಲು ಕಾದ ಹೆಂಚಾಗಿತ್ತು. ಎರಡನೇ ಬಾಗಿಲಿನ ನೆರಳಲ್ಲಿ ಅತ್ತೆ ಕೂತವರು ಮೇಲೇಳಲಿಲ್ಲ. "ಏನಪ್ಪಾ, ದೇವಸ್ಥಾನ ಅಂತ ಕರ್ಕೊಂಡು ಬಂದೆ, ಇಲ್ಲಿ ಬರೀ ಬಾಗಿಲುಗಳೇ ಇದಾವಲ್ಲ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ದೇವಸ್ಥಾನಗಳೆಲ್ಲ ಮೇಲಿದ್ದವು. ಮಾರನೇ ದಿನ ಸಂಜೆ ಹರಿಹರಕ್ಕೆ ಕರೆದುಕೊಂಡು ಹೋದೆ. ಗುಡಿಯ ಮಂಟಪದ ಜಗಲಿಯಲ್ಲಿ ಒಂದೂವರೆ ಗಂಟೆ ಕೂತು, "ಇದನ್ನ ಮೊದಲೇ ತೋರಿಸೋಕೆ ಏನಾಗಿತ್ತು?" ಅಂತ ಬೈದರು.

ಆದ್ದರಿಂದ ಈಗ ಫೋನ್ ಮಾಡಿದವರನ್ನು ನಾನೇ ಮೂರು ಪ್ರಶ್ನೆ ಕೇಳುತ್ತೇನೆ. ಜೊತೆಗೆ ಯಾರು ಬರುತ್ತಿದ್ದಾರೆ? ಯಾವ ತಿಂಗಳು? ಸ್ವಂತ ಗಾಡಿ ಇದೆಯೋ, ಬಸ್ಸೋ? ಉತ್ತರ ಸಿಕ್ಕ ಮೇಲೆ ಜಾಗ ತಾನಾಗೇ ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಹಂಪಿಗೆ ಹೋಗಿ ಬರಬಹುದಾ?" ಅಂತ ಎಲ್ಲರೂ ಕೇಳುತ್ತಾರೆ. ದಾವಣಗೆರೆಯಿಂದ ಹೆಚ್ಚು ಕಡಿಮೆ 150 ಕಿಲೋಮೀಟರ್. ಹೋಗಿ ಬರಬಹುದು, ಆದರೆ ನೋಡೋಕಾಗಲ್ಲ. ವಿರೂಪಾಕ್ಷನಿಗೆ ಕೈ ಮುಗಿದು, ಕಲ್ಲಿನ ರಥದ ಮುಂದೆ ಫೋಟೋ ತೆಗೆದುಕೊಂಡು ಓಡಿ ಬರುವುದಾದರೆ ನಿಮ್ಮಿಷ್ಟ. ಹಂಪಿಗೆ ಎರಡು ದಿನ ಇಟ್ಟುಕೊಂಡು ಇನ್ನೊಂದು ಸಲ ಬನ್ನಿ.

ಹರಿಹರ: ಅರ್ಧ ದಿನದ ಊರು, ಆದರೆ ಪೂರ್ತಿ ದೇವಸ್ಥಾನ

ದಾವಣಗೆರೆಯಿಂದ 14 ಕಿಲೋಮೀಟರ್. ಬಸ್ಸಿಗೆ ಕಾಯುವ ಕೆಲಸವೇ ಇಲ್ಲ. ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲೇ ಇರುವುದರಿಂದ ಟ್ರೇನಿನಲ್ಲೂ ಹೋಗಬಹುದು. ಗುಡಿ ಇರುವುದು ಹಳೇ ಊರಿನ ಒಳಗೆ, ತುಂಗಭದ್ರೆಯ ದಡದ ಹತ್ತಿರ. ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಆಟೋ ಬಾಗಿಲ ತನಕ ಬರುತ್ತದೆ.

ಹರಿಹರೇಶ್ವರನ ಕಥೆ ನಿಮಗೆ ಗೊತ್ತಿರಬಹುದು. ಗುಹಾಸುರ ಅನ್ನುವ ರಾಕ್ಷಸ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಅಂತ ಬ್ರಹ್ಮನ ಹತ್ತಿರ ವರ ಪಡೆದ. ಇಬ್ಬರೂ ಸೇರಿ ಒಂದೇ ಮೂರ್ತಿಯಾಗಿ ಬಂದು ಅವನನ್ನು ಮುಗಿಸಿದರು. ಒಳಗಿನ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ದರ್ಶನಕ್ಕೆ ನಿಂತಾಗ ಒಂದು ಕ್ಷಣ ಮೂರ್ತಿಯ ಎರಡು ಕಡೆಯನ್ನೂ ಬೇರೆ ಬೇರೆಯಾಗಿ ನೋಡಿ. ಒಂದು ಕೈಯಲ್ಲಿ ತ್ರಿಶೂಲ, ಇನ್ನೊಂದರಲ್ಲಿ ಚಕ್ರ. ಹೂವಿನ ಅಲಂಕಾರ ಜಾಸ್ತಿ ಇದ್ದ ದಿನ ಇದು ಕಾಣುವುದು ಕಷ್ಟ. ಅರ್ಚಕರನ್ನು ಕೇಳಿದರೆ ಆರತಿ ಬೆಳಕಿನಲ್ಲಿ ತೋರಿಸುತ್ತಾರೆ.

ಗುಡಿ ಕಟ್ಟಿಸಿದ್ದು 1224ರ ಸುಮಾರಿಗೆ, ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಆಮೇಲೆ 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಹೊಯ್ಸಳ ಅಂದ ಕೂಡಲೇ ಬೇಲೂರು, ಹಳೇಬೀಡು ನೆನಪಿಟ್ಟುಕೊಂಡು ಬಂದವರಿಗೆ ಇಲ್ಲಿ ಸ್ವಲ್ಪ ನಿರಾಸೆ ಆಗುತ್ತದೆ. ಹೊರಗೋಡೆಯ ತುಂಬ ಆನೆ, ಕುದುರೆ, ದೇವಾನುದೇವತೆಗಳ ಸಾಲು ಇಲ್ಲ. ಇಲ್ಲಿಯ ಸೊಗಸೆಲ್ಲ ಮಂಟಪದ ಒಳಗೆ, ಕಂಬಗಳಲ್ಲಿ ಇದೆ. ಕರಿಕಲ್ಲಿನ ದುಂಡು ಕಂಬಗಳು, ಲೇತಿನಲ್ಲಿ ತಿರುವಿದ ಹಾಗೆ ಒಂದರ ಮೇಲೊಂದು ಬಳೆ ಬಳೆಯಾಗಿ ಕಡೆದಿದ್ದಾರೆ. ಕೈ ಇಟ್ಟರೆ ಇಂದಿಗೂ ನುಣುಪು. ಇದೇ ಊರಿನಲ್ಲಿ 1940ರ ದಶಕದಲ್ಲಿ ಲೇತ್ ಯಂತ್ರ ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು, ಈಗ ಅದು ಮುಚ್ಚಿದೆ. ಕಂಬ ನೋಡಿದಾಗಲೆಲ್ಲ ನನಗೆ ಇದು ನೆನಪಾಗಿ ನಗು ಬರುತ್ತದೆ. ಏಳು ನೂರು ವರ್ಷ ಬಿಟ್ಟು ಅದೇ ಕಸುಬು ಅದೇ ಊರಿಗೆ ಹುಡುಕಿಕೊಂಡು ಬಂತಲ್ಲ ಅಂತ.

ಅಂಗಳದಲ್ಲಿ ಆಳೆತ್ತರದ ಶಾಸನದ ಕಲ್ಲುಗಳು ನಿಂತಿವೆ. ಹೆಚ್ಚಿನವರು ಅದಕ್ಕೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಒರಗಬೇಡಿ, ಬದಲಿಗೆ ಓದಲು ನೋಡಿ. ಹಳಗನ್ನಡ ಲಿಪಿ. ಹತ್ತು ಅಕ್ಷರದಲ್ಲಿ ಎರಡು ಮೂರು ಸಿಕ್ಕೇ ಸಿಗುತ್ತವೆ. ಮಕ್ಕಳಿಗೆ ಇದು ಒಳ್ಳೆ ಆಟ.

ಯಾವಾಗ ಹೋಗಬೇಕು? ಬೆಳಿಗ್ಗೆ ಬೇಗ, ಇಲ್ಲ ಅಂದರೆ ಸಂಜೆ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿದ್ದರೆ ಸುಮ್ನೆ ಕಾಯಬೇಕಾಗುತ್ತದೆ. ಹೊಳೆಗೆ ಇಳಿಯುವ ಆಸೆ ಇದ್ದರೆ ಮಳೆಗಾಲದಲ್ಲಿ ಬೇಡ. ಬೇಸಿಗೆಯಲ್ಲೂ ಮರಳು ತೆಗೆದ ಗುಂಡಿಗಳಿರುತ್ತವೆ, ಮಕ್ಕಳ ಕೈ ಬಿಡಬೇಡಿ.

ಹರಿಹರದ ಒಂದೇ ಕೊರತೆ ಎಂದರೆ ಮೂರು ಗಂಟೆಯಲ್ಲಿ ಮುಗಿದುಹೋಗುತ್ತದೆ. ಗುಡಿ, ಹೊಳೆ, ಆರೋಗ್ಯಮಾತೆಯ ಚರ್ಚು, ಇಷ್ಟು ನೋಡಿದ ಮೇಲೆ ಉಳಿದ ದಿನ ಏನು ಮಾಡುವುದು? ವಯಸ್ಸಾದವರಿಗೆ ಅದೇ ಅನುಕೂಲ, ಮನೆಗೆ ಬಂದು ಮಲಗುತ್ತಾರೆ. ಹುಡುಗರಿದ್ದರೆ ಹನ್ನೊಂದಕ್ಕೇ "ಮುಂದೆ ಎಲ್ಲಿಗೆ?" ಶುರು.

ದುರ್ಗ: ಪೂರ್ತಿ ದಿನ ಬೇಡುವ ಊರು

ಚಿತ್ರದುರ್ಗ ಇಲ್ಲಿಂದ 60 ಕಿಲೋಮೀಟರ್, ಹೆದ್ದಾರಿಯಲ್ಲಿ ಒಂದು ಗಂಟೆ ಸ್ವಲ್ಪ ಮೇಲೆ. ಬಸ್ಸುಗಳು ಬೇಕಾದಷ್ಟು. ಟ್ರೇನ್ ನಂಬಬೇಡಿ, ದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆ ಹೋಗುವ ಬೇರೆ ಮಾರ್ಗದಲ್ಲಿ. ಅಂದಹಾಗೆ 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವ ತನಕ ನಾವೂ ದುರ್ಗ ಜಿಲ್ಲೆಯವರೇ. ಅದಕ್ಕೇ ಇರಬೇಕು, ಹೊರಗಿನವರು ಕೋಟೆ ಚೆನ್ನಾಗಿಲ್ಲ ಅಂದರೆ ನಮಗೂ ಸಿಟ್ಟು ಬರುತ್ತದೆ.

ಇದನ್ನು ಬರೀ ಕೋಟೆ ಅಂತ ಲೆಕ್ಕ ಹಾಕಬೇಡಿ. ಬೆಟ್ಟದ ಮೇಲೆ ಗುಡಿಗಳ ಒಂದು ಊರೇ ಇದೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಫಲ್ಗುಣೇಶ್ವರ, ಗೋಪಾಲಕೃಷ್ಣ, ಸುಬ್ಬರಾಯ, ಆಂಜನೇಯ. ಭೀಮ ಹಿಡಿಂಬನನ್ನು ಕೊಂದಿದ್ದು ಇಲ್ಲೇ ಎಂದು ಸ್ಥಳದ ನಂಬಿಕೆ. ಫಲ್ಗುಣ ಅಂದರೆ ಅರ್ಜುನ, ಅಲ್ವಾ? ಹೀಗೆ ಪಾಂಡವರ ಹೆಸರಿನಲ್ಲಿ ಲಿಂಗಗಳಿವೆ. ಗುಡಿಗಳೆಲ್ಲ ಕೆತ್ತನೆಯ ದೃಷ್ಟಿಯಿಂದ ಸಾದಾ. ಆದರೆ ಅವು ಕೂತಿರುವ ಜಾಗ ಸಾದಾ ಅಲ್ಲ. ಆನೆ ಗಾತ್ರದ ಬಂಡೆಗಳು ಒಂದರ ಮೇಲೊಂದು, ನಡುವೆ ದೀಪದ ಕಂಬ, ಉಯ್ಯಾಲೆ ಕಂಬ, ಸಂಪಿಗೆ ಮರ. ಹಿಡಿಂಬೇಶ್ವರನ ಮುಂದೆ ನಿಂತು ಹಿಂದಕ್ಕೆ ತಿರುಗಿದರೆ ಕೆಳಗೆ ಊರು, ಆಚೆ ಗುಡ್ಡಗಳ ಮೇಲೆ ಗಾಳಿ ಗಿರಣಿಗಳು ತಿರುಗುತ್ತಿರುತ್ತವೆ.

ಬೆಳಿಗ್ಗೆ ಏಳರೊಳಗೆ ಕೋಟೆ ಬಾಗಿಲಲ್ಲಿ ಇರಬೇಕು. ಇದು ಸಲಹೆ ಅಲ್ಲ, ಷರತ್ತು ಅಂದುಕೊಳ್ಳಿ. ದೋಸೆ ಆಮೇಲೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ದಾರಿ ನೇರ ಇಲ್ಲ, ಹಾವಿನ ಹಾಗೆ ತಿರುಗಿ ತಿರುಗಿ ಬಾಗಿಲಿಗೆ ಸೇರುತ್ತದೆ. ಶತ್ರುವಿನ ಆನೆ ಓಡಿ ಬಂದು ಬಾಗಿಲಿಗೆ ಗುದ್ದುವಷ್ಟು ಜಾಗ ಸಿಗಬಾರದು ಅಂತ. ನಮ್ಮತ್ತೆ "ಬರೀ ಬಾಗಿಲು" ಅಂದರಲ್ಲ, ಅವೇ ಬಾಗಿಲುಗಳು. ಸ್ವಲ್ಪ ಒಳಗೆ ಹೋದರೆ ಒಂದು ಗುಂಡಿಯಲ್ಲಿ ನಾಲ್ಕು ದೊಡ್ಡ ಬೀಸುವ ಕಲ್ಲುಗಳು ಕಾಣುತ್ತವೆ. ಸಿಡಿಮದ್ದಿನ ಪುಡಿ ಅರೆಯುವುದಕ್ಕೆ ಇಟ್ಟಿದ್ದು. ಹುಡುಗರು ಇಲ್ಲಿಂದ ಏಳುವುದೇ ಇಲ್ಲ.

ನನ್ನನ್ನು ಕೇಳಿದರೆ ಈ ಕೋಟೆಯ ನಿಜವಾದ ಬುದ್ಧಿವಂತಿಕೆ ನೀರಿನದು. ಮಳೆ ಕಡಿಮೆ ಬೀಳುವ ಸೀಮೆ ಇದು. ಬೆಟ್ಟದ ಮೇಲೆ ಬಿದ್ದ ಹನಿ ವ್ಯರ್ಥ ಆಗದ ಹಾಗೆ ಹೊಂಡದ ಕೆಳಗೆ ಹೊಂಡ ಮಾಡಿದ್ದಾರೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಕೆಳಗೆ ಕೂತರೂ ಮೇಲಿನವರಿಗೆ ನೀರಿಗೆ ಬರ ಇರಲಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಹೋದರೆ ಹೊಂಡಗಳು ತುಂಬಿರುವುದನ್ನು ನೋಡಬಹುದು. ಬೇಸಿಗೆಯಲ್ಲಿ ಹೋದವರಿಗೆ ಪಾಚಿ ಮಾತ್ರ.

ಓಬವ್ವನ ಕಿಂಡಿ ನೋಡದೆ ಬಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಕಾವಲುಗಾರನ ಹೆಂಡತಿ ಓಬವ್ವ ಒನಕೆಯಿಂದ ಒಬ್ಬೊಬ್ಬರನ್ನೇ ಹೊಡೆದು ಹಾಕಿದ ಜಾಗ. ನೀರು ತರಲು ಬಂದಾಗ ಕಂಡಳಂತೆ. ತಣ್ಣೀರು ದೋಣಿ ಅಲ್ಲೇ ಪಕ್ಕದಲ್ಲಿದೆ. ಕಿಂಡಿ ಎಷ್ಟು ಚಿಕ್ಕದು ಅಂತ ನೋಡಿದಾಗಲೇ ಆ ಕಥೆಗೆ ಜೀವ ಬರುವುದು. ದಪ್ಪ ಇರುವವರು ನುಸುಳುವ ಸಾಹಸ ಮಾಡಬೇಡಿ. ನಮ್ಮ ಭಾವ ಮಾಡಿದ್ದರು, ಶರ್ಟಿನ ಜೇಬು ಅಲ್ಲೇ ಬಿಟ್ಟು ಬಂದರು. ಕೊನೆಗೆ ಕೋಟೆ ಹೈದರನ ಕೈಗೆ ಬಿದ್ದದ್ದು 1779ರಲ್ಲಿ. ಅಲ್ಲಿಗೆ ಕೊನೆಯ ಮದಕರಿ ನಾಯಕನ ಆಳ್ವಿಕೆ ಮುಗಿಯಿತು.

ಗೈಡ್ ಬೇಕಾ? ಬೇಕು. ಬೇರೆ ಕಡೆ ನಾನು ಗೈಡ್ ಬೇಡ ಅನ್ನುವವನು, ಇಲ್ಲಿ ಮಾತ್ರ ಬೇಕು ಅನ್ನುತ್ತೇನೆ. ಬೋರ್ಡುಗಳನ್ನು ಓದಿದರೆ ಹೆಸರು ಗೊತ್ತಾಗುತ್ತದೆ, ಕಥೆ ಗೊತ್ತಾಗುವುದಿಲ್ಲ. ದುಡ್ಡು ಮೊದಲೇ ಮಾತಾಡಿಕೊಳ್ಳಿ. ಎಲ್ಲಿಯ ತನಕ ಬರುತ್ತಾರೆ, ಕಿಂಡಿ ತೋರಿಸುತ್ತಾರಾ, ಅದನ್ನೂ ಕೇಳಿ. ಕೋತಿಗಳ ಕಾಟ ಇದೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದರೆ ಅದು ನಿಮ್ಮದಲ್ಲ ಅಂದುಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಲೀಟರ್ ನೀರು ಬ್ಯಾಗಿನ ಒಳಗೆ ಇರಲಿ. ಚಪ್ಪಲಿ ಬೇಡ, ಶೂ. ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಬರೀ ಕಾಲು ಇಡುವಷ್ಟು ಗೂಡು ಕಡೆದಿದ್ದಾರೆ. ಮಳೆ ಬಿದ್ದ ದಿನ ಅತ್ತ ಹೋಗಲೇಬೇಡಿ.

ಹನ್ನೊಂದೂವರೆಗೆ ಇಳಿದುಬಿಡಿ. ಊಟ ಮಾಡಿ, ರಂಗಯ್ಯನ ಬಾಗಿಲ ಹತ್ತಿರದ ಮ್ಯೂಸಿಯಂನಲ್ಲಿ ಬಿಸಿಲು ಕಳೆಯಿರಿ. ನಾಲ್ಕರ ಹೊತ್ತಿಗೆ ಚಂದ್ರವಳ್ಳಿಗೆ ಹೋಗಿ. ಊರಿಗೆ ಅಂಟಿಕೊಂಡೇ ಇದೆ. ಗುಡ್ಡಗಳ ನಡುವೆ ಕೆರೆ, ಪಕ್ಕದಲ್ಲಿ ಅಂಕಲಿ ಮಠದ ಗುಹೆ. ಒಳಗೆ ಕಗ್ಗತ್ತಲು, ಮೊಬೈಲ್ ಬೆಳಕು ಸಾಲದು, ದಾರಿ ತೋರಿಸುವವರ ಜೊತೆ ಹೋಗಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಬಂಡೆ ಶಾಸನ ಇರುವುದೂ ಇಲ್ಲೇ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದು ನೋಡಿದ್ದರು, ಶಾತವಾಹನರ ಕಾಲದ ಊರು ಸಿಕ್ಕಿತು. ಕೋಟೆ ನೋಡಿ ಕಾಲು ಸೋತವರಿಗೆ ಕೆರೆ ದಡವೇ ಸಾಕು.

ಬಾಗಳಿ: ಎರಡೂ ನೋಡಿ ಆದವರಿಗೆ

ಹರಪನಹಳ್ಳಿಯ ಹತ್ತಿರದ ಹಳ್ಳಿ ಇದು. ಹರಪನಹಳ್ಳಿ ದಾವಣಗೆರೆಯಿಂದ ಸುಮಾರು 50 ಕಿಲೋಮೀಟರ್. ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯಲ್ಲೇ ಇತ್ತು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಪಾಪ, ಇಲ್ಲಿನ ಗುಡಿಯ ದೇವರು ಕಲ್ಲೇಶ್ವರ ಮಾತ್ರ ಕೂತಲ್ಲೇ ಇದ್ದಾನೆ.

ಕೆತ್ತನೆ ನೋಡುವ ಹುಚ್ಚಿದ್ದರೆ ಹರಿಹರ, ದುರ್ಗ ಎರಡನ್ನೂ ಬಿಟ್ಟು ನೇರ ಇಲ್ಲಿಗೆ ಬನ್ನಿ. 987ರ ಒಂದು ಶಾಸನ ದುಗ್ಗಿಮಯ್ಯ ಅನ್ನುವವನು ಗುಡಿ ಮಾಡಿಸಿದ ಎಂದು ಹೇಳುತ್ತದೆ. ಅಂದರೆ ಹರಿಹರಕ್ಕಿಂತ ಇನ್ನೂರು ವರ್ಷಕ್ಕೂ ಹಳೆಯದು. ಚಾಲುಕ್ಯರ ಕಾಲದ ಮಂಟಪದಲ್ಲಿ ಐವತ್ತು ಕಂಬಗಳು. ಒಂದರ ವಿನ್ಯಾಸ ಪಕ್ಕದ್ದಕ್ಕೆ ಇಲ್ಲ. ಬಾಗಿಲವಾಡದ ಕೆಲಸ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಹೊರಗೋಡೆಯಲ್ಲಿ ಮಿಥುನ ಶಿಲ್ಪಗಳೂ ಇವೆ. ಅತ್ತೆ-ಮಾವನ ಜೊತೆ ಹೋಗುವವರಿಗೆ ಮೊದಲೇ ತಿಳಿದಿರಲಿ ಅಂತ ಹೇಳಿದೆ, ಅಷ್ಟೆ.

ಜನ ಇರುವುದಿಲ್ಲ. ನಾನು ಹೋದ ಮೂರು ಸಲವೂ ಗುಡಿಯಲ್ಲಿ ಇದ್ದವರು ಕಾವಲಿನವರು ಮತ್ತು ಒಂದು ಆಡು. ಹಾಗೆಯೇ ಊಟದ ಹೋಟೆಲ್ ಹುಡುಕಬೇಡಿ. ಹರಪನಹಳ್ಳಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ, ಇಲ್ಲ ಮನೆಯಿಂದ ಬುತ್ತಿ ಕಟ್ಟಿಕೊಳ್ಳಿ. ಬಸ್ಸಿನಲ್ಲಿ ಹೋದರೆ ಅರ್ಧ ದಿನ ನಿಲ್ದಾಣದಲ್ಲೇ ಕಳೆಯುತ್ತದೆ. ಸ್ವಂತ ಗಾಡಿ ಇದ್ದರೆ ಮಾತ್ರ ಈ ಕಡೆ.

ಗಾಡಿ ಇದ್ದರೆ ಹಾಗೇ ತುಂಗಭದ್ರೆಯ ದಡದ ಕುರುವತ್ತಿಗೂ ಹೋಗಿ. ಮಲ್ಲಿಕಾರ್ಜುನನ ಗುಡಿಯ ಬಾಗಿಲ ಪಕ್ಕದ ಮದನಿಕೆಯರು ಬೇಲೂರಿನವರಿಗೆ ಅಕ್ಕಂದಿರು. ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ವಾಸಿಯಾಗದ ಕಾಯಿಲೆ ಬಂದಾಗ 1068ರಲ್ಲಿ ಇದೇ ಕುರುವತ್ತಿಯಲ್ಲಿ ಹೊಳೆಗೆ ಇಳಿದು ಪ್ರಾಣ ಬಿಟ್ಟ. ಗುಡಿ ನೋಡಿ ಹೊಳೆ ಕಡೆ ನಡೆಯುವಾಗ ಅದು ನೆನಪಾಗದೆ ಇರುವುದಿಲ್ಲ.

ದಾರಿಯಲ್ಲಿ ಉಚ್ಚಂಗಿದುರ್ಗವನ್ನೂ ಸೇರಿಸಿಕೊಳ್ಳಬಹುದಾ ಅಂತ ಕೇಳುತ್ತಾರೆ. ಉಚ್ಚೆಂಗೆಮ್ಮನಿಗೆ ನಡೆದುಕೊಳ್ಳುವ ಮನೆತನದವರಾದರೆ ಸರಿ, ಅದಕ್ಕೇ ಬೇರೆ ದಿನ ಇಟ್ಟುಕೊಳ್ಳಿ. ಭರತ ಹುಣ್ಣಿಮೆಯ ಜನಸಾಗರದಲ್ಲಿ ಸುಮ್ನೆ ನೋಡಲು ಹೋದವರು ಕಾಲು ತುಳಿಸಿಕೊಂಡು ಬರುತ್ತಾರೆ.

ಸಂತೇಬೆನ್ನೂರು, ಸೂಳೆಕೆರೆ

ಇದು ದೇವಸ್ಥಾನದ ದಿನ ಅಲ್ಲ, ನೀರಿನ ದಿನ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ. ನಡುವೆ ನೀರಲ್ಲಿ ನಿಂತ ವಸಂತ ಮಂಟಪ, ಎದುರಿಗೆ ಬಿಜಾಪುರದ ರಣದುಲ್ಲಾ ಖಾನ್ ಕಟ್ಟಿಸಿದ ಮುಸಾಫಿರ್‌ಖಾನೆ. ಸಂಜೆ ಬಿಸಿಲಲ್ಲಿ ಮಂಟಪದ ನೆರಳು ನೀರಿಗೆ ಬಿದ್ದಾಗ ಫೋನಿನಲ್ಲಿ ತೆಗೆದ ಫೋಟೋನೂ ಕ್ಯಾಲೆಂಡರ್ ಥರ ಬರುತ್ತದೆ. ಆದರೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಅಲ್ಲಿಂದ ಸೂಳೆಕೆರೆ. ಸರ್ಕಾರಿ ಹೆಸರು ಶಾಂತಿಸಾಗರ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಆ ಜಾಗ ಸೂಳೆಯರದ್ದಾಗಿತ್ತಂತೆ. ನಮ್ಮ ಹೆಸರಿಟ್ಟರೆ ಜಾಗ ಕೊಡುತ್ತೇವೆ ಅಂದರಂತೆ ಅವರು. ಹೆಸರು ಬದಲಾಯಿಸಿದರೂ ಜನ ಅವರಿಗೆ ಕೊಟ್ಟ ಮಾತು ಇಂದಿಗೂ ಉಳಿಸಿಕೊಂಡಿದ್ದಾರೆ. ಎರಡು ಗುಡ್ಡದ ನಡುವೆ ಚಿಕ್ಕದೊಂದು ಏರಿ, ಅದರ ಹಿಂದೆ ಕಣ್ಣು ಹಾಯುವಷ್ಟು ನೀರು. ಇಲ್ಲಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲೇ ತುಂಗಭದ್ರೆಗೆ ಸೇರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಹೋಗಿ. ಬರಗಾಲದಲ್ಲಿ ಹೋದರೆ ಬಯಲು ನೋಡಿ ಬರುತ್ತೀರಿ.

ಹಾಗಾದರೆ ಯಾವುದು?

ಮಂಡಿ ನೋವಿನವರು, ಬಾಣಂತನ ಮುಗಿಸಿದ ಮಗಳು, ಎತ್ತಿಕೊಳ್ಳುವ ಕೂಸು ಇದ್ದರೆ ಹರಿಹರ. ಎರಡನೇ ಮಾತಿಲ್ಲ. ಹೈಸ್ಕೂಲು ಹುಡುಗರಿದ್ದರೆ ದುರ್ಗ, ಅವರನ್ನು ಹರಿಹರಕ್ಕೆ ಎಳೆದುಕೊಂಡು ಹೋಗಿ ಬೈಗುಳ ತಿನ್ನಬೇಡಿ. ಗಂಡ-ಹೆಂಡತಿ ಇಬ್ಬರೇ, ಗಾಡಿ ಇದೆ, ಜನಜಂಗುಳಿ ಆಗಲ್ಲ ಅಂದರೆ ಬಾಗಳಿ. ಮಾರ್ಚಿನಿಂದ ಮೇ ತನಕ ದುರ್ಗವನ್ನು ನಾನು ಯಾರಿಗೂ ಹೇಳುವುದಿಲ್ಲ, ಬೆಳಿಗ್ಗೆ ಆರಕ್ಕೇ ನಿಲ್ಲುತ್ತೇನೆ ಅಂತ ಆಣೆ ಮಾಡಿದರೆ ಮಾತ್ರ. ಮಳೆ ಹಿಡಿದ ದಿನ ಹರಿಹರದ ಮಂಟಪವೇ ಗಟ್ಟಿ.

ಮನೆಯಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ಒಡೆದು ಎರಡು ಗುಂಪಾಗಲು ಯಾರೂ ಒಪ್ಪುತ್ತಿಲ್ಲ ಅಂದರೆ ನಾನು ಈಗ ಹೀಗೆ ಮಾಡುತ್ತೇನೆ. ಬೆಳಿಗ್ಗೆ ಐದೂವರೆಗೆ ಗಾಡಿ ಬಿಡುವುದು, ಏಳಕ್ಕೆ ದುರ್ಗ. ಮೊದಲ ಎರಡು ಬಾಗಿಲು ಎಲ್ಲರೂ ಒಟ್ಟಿಗೆ. ಅಲ್ಲಿಂದ ಕಾಲು ಗಟ್ಟಿ ಇರುವವರು ಮೇಲಕ್ಕೆ, ಉಳಿದವರು ಒಬ್ಬ ದೊಡ್ಡವರ ಜೊತೆ ವಾಪಸ್ ಇಳಿದು ಊರೊಳಗಿನ ಉಚ್ಚಂಗಿ ಯಲ್ಲಮ್ಮನ ಗುಡಿಗೆ. ಹನ್ನೆರಡಕ್ಕೆ ಎಲ್ಲರೂ ಸೇರಿ ಊಟ. ಚಂದ್ರವಳ್ಳಿ ಬಿಟ್ಟುಬಿಡುವುದು, ಅದಕ್ಕೆ ಬೇಜಾರು ಬೇಡ. ಎರಡು ಗಂಟೆಗೆ ಹೊರಟು ಮನೆಗೆ ಬಂದು ಒಂದು ನಿದ್ದೆ. ಐದಕ್ಕೆ ಹರಿಹರ, ದೀಪ ಹಚ್ಚುವ ಹೊತ್ತಿಗೆ ಗುಡಿಯಲ್ಲಿ. ಒಟ್ಟು ಓಡಾಟ 150 ಕಿಲೋಮೀಟರ್ ಹತ್ತಿರ ಆಗುತ್ತದೆ, ಹಂಪಿಗೆ ಒಂದು ಕಡೆ ಹೋಗುವಷ್ಟೇ.

ವಾಪಸ್ ಬರುವಾಗ ದಾವಣಗೆರೆಯಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ದೋಸೆ ಬೆಳಿಗ್ಗೆಯೇ ತಪ್ಪಿಹೋಯಿತಲ್ಲ ಅಂತ ಯಾರಾದರೂ ಗೊಣಗಿದರೆ, ಟ್ರೇನ್ ರಾತ್ರಿ ಎಷ್ಟು ಗಂಟೆಗೆ ಅಂತ ಒಂದು ಸಲ ನೋಡಿಕೊಳ್ಳಿ. ಒಂದು ಗಂಟೆ ಉಳಿದಿದ್ದರೆ ಅದಕ್ಕೂ ಜಾಗ ಇದೆ.